ತಮಟೆಗೆ ಇಂಗ್ಲಿಷಿನಲ್ಲಿ ಏನಂತಾರೆ?

ಬಿ.ಎ. ಎರಡನೇ ವರ್ಷದ ತರಗತಿಯಲ್ಲಿ ಪಠ್ಯದಲ್ಲಿಲ್ಲದ ಒಂದು ಕವಿತೆಯನ್ನು ಓದಿಸಲು ಹೊರಟಿದ್ದೆ. ಕವಿ ಜಾನ್ ಅಗಾರ್ಡ್, ಕವಿತೆಯ ಹೆಸರು 'ಹಾಫ್-ಕಾಸ್ಟ್'. ಬೋರ್ಡಿನ ಮೇಲೆ ಹೆಸರು ಬರೆದು ಈ ಕಡೆ ತಿರುಗುವಷ್ಟರಲ್ಲಿ ಕೊನೆಯ ಬೆಂಚಿನಿಂದ ಪ್ರಶ್ನೆ ಬಂತು: "ಮೇಡಂ, ಕಾಸ್ಟ್ ಅಂದ್ರೆ ಜಾತಿ ಅಲ್ವಾ? ಅರ್ಧ ಜಾತಿ ಅಂದ್ರೆ ಹೆಂಗೆ? ಇಡೀ ಜಾತಿ ಇಟ್ಕೊಂಡು ಇಷ್ಟು ಕಷ್ಟ, ಅರ್ಧ ಇದ್ರೆ ಅರ್ಧ ಕಷ್ಟಾನಾ?"

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಗು ನಿಂತ ಮೇಲೆ ನೋಡಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಂ.ಎ. ಓದುವಾಗ ನಾನು ಕಲಿತಿದ್ದು, ಇದು ಮಿಶ್ರ ಜನಾಂಗದವರನ್ನು ಹೀಗಳೆಯುವ ಪದ ಎಂಬುದಷ್ಟೆ. ಆ ಪದದ ಹೊಟ್ಟೆಯೊಳಗೆ ನಮ್ಮೂರಿನ ಜಾತಿಯೇ ಕೂತಿದೆ ಎನ್ನುವುದನ್ನು ಯಾವ ಮೇಷ್ಟ್ರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕೊನೆಯ ಬೆಂಚಿನ ಹುಡುಗನಿಗೆ ಮೊದಲ ನೋಟಕ್ಕೇ ಕಂಡದ್ದು ನನಗೆ ಎರಡು ವರ್ಷ ಓದಿದರೂ ಕಂಡಿರಲಿಲ್ಲ.

16ನೇ ಶತಮಾನದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರು, ಇಲ್ಲಿನ ಜನ ಒಬ್ಬರನ್ನೊಬ್ಬರು ಮುಟ್ಟದೆ, ಒಟ್ಟಿಗೆ ಉಣ್ಣದೆ ಬದುಕುವುದನ್ನು ನೋಡಿ ಅದಕ್ಕೆ ತಮ್ಮ ಭಾಷೆಯ 'ಕಾಸ್ತಾ' ಎಂಬ ಪದವನ್ನು ಹಚ್ಚಿದರು. ವಂಶ, ತಳಿ ಎಂದು ಅದರ ಅರ್ಥ. ಅದು ಇಂಗ್ಲಿಷಿಗೆ ಹೋಗಿ 'ಕಾಸ್ಟ್' ಆಯಿತು. ಇಂಗ್ಲಿಷರು ಅದಕ್ಕೆ 'ಅರ್ಧ' ಎಂಬ ಬಾಲವನ್ನೋ ತಲೆಯನ್ನೋ ಸೇರಿಸಿ ತಮ್ಮ ಸಾಮ್ರಾಜ್ಯದ ಉದ್ದಗಲಕ್ಕೂ ಹಂಚಿದರು. ಇಲ್ಲಿ ಆಂಗ್ಲೋ-ಇಂಡಿಯನ್ನರನ್ನು ಆ ಹೆಸರಿನಿಂದ ಕರೆದರು. ನಮ್ಮ ಪಕ್ಕದ ಕೆ.ಜಿ.ಎಫ್.ನಲ್ಲೂ ಆಂಗ್ಲೋ-ಇಂಡಿಯನ್ ಕುಟುಂಬಗಳು ಬಹಳವಿದ್ದವು. ಆಸ್ಟ್ರೇಲಿಯಾದಲ್ಲಿ ಅದು ಬರೀ ಬೈಗುಳವಾಗಿ ಉಳಿಯದೆ ಸರ್ಕಾರಿ ಕಡತದ ಪದವಾಯಿತು. 20ನೇ ಶತಮಾನದ ಮೊದಲ ದಶಕಗಳಿಂದ 1970ರ ಸುಮಾರಿನವರೆಗೂ ಅಲ್ಲಿ ಮೂಲನಿವಾಸಿ ತಾಯಂದಿರ ಮಡಿಲಿನಿಂದ ಇಂಥ 'ಅರ್ಧ' ಮಕ್ಕಳನ್ನು ಕಿತ್ತುಕೊಂಡು ಹೋಗಿ ಬೇರೆ ಕಡೆ ಬೆಳೆಸಿದರು. 2008ರಲ್ಲಿ ಆ ದೇಶದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. 'ಕೂಲಿ' ಎಂಬ ನಮ್ಮ ಪದ ಹಡಗು ಹತ್ತಿ ಲೋಕ ಸುತ್ತಿದ ಹಾಗೆಯೇ ಜಾತಿಯೂ ಹಡಗು ಹತ್ತಿದೆ.

ಈ ಕವಿಗಳು ನನಗೆ ಸಿಕ್ಕಿದ್ದು ಯಾವ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೂ ಅಲ್ಲ. ಬೆಂಗಳೂರಿನ ಅವೆನ್ಯೂ ರೋಡಿನ ಹಳೇ ಪುಸ್ತಕದ ರಾಶಿಯಲ್ಲಿ. ಇಂಗ್ಲೆಂಡಿನಲ್ಲಿ ಹದಿನಾರು ವರ್ಷದ ಮಕ್ಕಳು ಬರೆಯುವ ಪರೀಕ್ಷೆಗಾಗಿ ಎ.ಕ್ಯು.ಎ. ಎಂಬ ಪರೀಕ್ಷಾ ಮಂಡಳಿ 2000ರ ದಶಕದಲ್ಲಿ ಹಂಚುತ್ತಿದ್ದ ಪಠ್ಯ ಅದು. ಅದರ ಒಂದು ಭಾಗದ ಹೆಸರು 'ಬೇರೆ ಸಂಸ್ಕೃತಿಗಳ ಕವಿತೆಗಳು'. ಅದರಲ್ಲಿ 16 ಕವಿತೆ. ಗಯಾನಾದ ಅಗಾರ್ಡ್ ಮತ್ತು ಗ್ರೇಸ್ ನಿಕೋಲ್ಸ್, ಬಾರ್ಬಡೋಸ್‌ನ ಕಮೌ ಬ್ರಾಥ್‌ವೇಟ್, ಲಾಹೋರಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಮೊನಿಜಾ ಆಲ್ವಿ, ಅಹಮದಾಬಾದಿನಲ್ಲಿ ಹುಟ್ಟಿದ ಸುಜಾತಾ ಭಟ್, ನೈಜೀರಿಯಾದ ಚಿನುವಾ ಅಚೆಬೆ, ನಮ್ಮ ನಿಸ್ಸಿಮ್ ಎಝೆಕಿಯಲ್. ಇವರೆಲ್ಲರನ್ನೂ ಒಂದೇ ಕಡೆ ಕೂಡಿಸಿದ್ದರು. ಈ ಸಾಲಿನಲ್ಲಿ ಒಬ್ಬ ಬಿಳಿಯನೂ ಇದ್ದ: ಟಾಮ್ ಲೆನರ್ಡ್, ಸ್ಕಾಟ್ಲೆಂಡಿನ ಗ್ಲಾಸ್ಗೋದವನು. ಅಲ್ಲಿನ ಕೂಲಿಕಾರರ ಮಾತನ್ನು ಕಿವಿಗೆ ಬಿದ್ದ ಹಾಗೆಯೇ ಬರೆದವನು. ಅವನ ಸಂಸ್ಕೃತಿಯೂ 'ಬೇರೆ'ಯಂತೆ! ಅಂದಮೇಲೆ ಈ ಬೇರೆತನಕ್ಕೆ ಬಣ್ಣವೊಂದೇ ಲೆಕ್ಕವಲ್ಲ ಎಂದಾಯಿತು. ಊರಿನ ಮಾತಾಡದವರನ್ನೆಲ್ಲ ಊರ ಹೊರಗೆ ಒಂದು ಕೇರಿ ಮಾಡಿ ಇಟ್ಟರು, ಅಷ್ಟೆ. ಹೊರಗಿಟ್ಟ ಮಂಡಳಿಯವರ ಉದ್ದೇಶ ಒಳ್ಳೆಯದೇ ಇದ್ದೀತು. ಊರವರ ಉದ್ದೇಶ ಯಾವಾಗಲೂ ಒಳ್ಳೆಯದೇ.

ಆ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕವಿತೆಗಳಿಗಿಂತ ಮೊದಲು ಪೆನ್ಸಿಲ್ ಗುರುತುಗಳು. ಯಾವುದೋ ಇಂಗ್ಲಿಷ್ ಹುಡುಗನೋ ಹುಡುಗಿಯೋ ಅಗಾರ್ಡ್‌ನ ಒಂದೊಂದು ಪದದ ನೆತ್ತಿಯ ಮೇಲೂ 'ಸರಿಯಾದ' ಇಂಗ್ಲಿಷನ್ನು ಬರೆದಿಟ್ಟಿತ್ತು. ಕವಿ ಬೇಕೆಂತಲೇ ಮುರಿದದ್ದನ್ನು ಒಂದೊಂದಾಗಿ ರಿಪೇರಿ ಮಾಡಿತ್ತು. ನೋಡಿ ನಗು ಬಂತು. ಆ ನಗು ಬಹಳ ದಿನ ಉಳಿಯಲಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಕನ್ನಡ ವಿಮರ್ಶೆಗೆ 'ಎರಡು ಸಂಸ್ಕೃತಿಗಳ ನಡುವೆ' ಎಂಬ ಮಾತು ಹೊಸದಲ್ಲ. ನವ್ಯರು ಅದನ್ನೇ ಉಸಿರಾಡಿದವರು. ಅನಂತಮೂರ್ತಿಯವರು 'ಸಂಸ್ಕಾರ'ವನ್ನು ಬರೆದದ್ದು ಬರ್ಮಿಂಗ್‌ಹ್ಯಾಂನಲ್ಲಿ ಸಂಶೋಧನೆಗೆಂದು ಇದ್ದಾಗ, 1965ರ ಹೊತ್ತಿಗೆ. ರಾಮಾನುಜನ್ ಶಿಕಾಗೋದಲ್ಲಿ ಕೂತು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದರು. ಅವರ ಬರವಣಿಗೆಯ ಸತ್ಯವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅವರ 'ನಡುವೆ' ಎಂಥದ್ದು ಎಂಬುದನ್ನು ಗಮನಿಸಬೇಕು. ಅದು ಪೂರ್ವ ಮತ್ತು ಪಶ್ಚಿಮದ ನಡುವೆ. ಬಿಟ್ಟು ಬಂದ ಮನೆ ಮತ್ತು ಸೇರಲಾಗದ ಮನೆಯ ನಡುವೆ. ಬಿಟ್ಟು ಬಂದ ಮನೆಗೆ ಬಾಗಿಲಿತ್ತು, ಜಗಲಿ ಇತ್ತು, ಬಾವಿ ಇತ್ತು. ಹಿಂದಿರುಗಬೇಕೋ ಬೇಡವೋ ಎನ್ನುವುದು ಅವರ ಸಂಕಟ. ಹಿಂದಿರುಗಿದರೆ ಒಳಗೆ ಬಿಡುತ್ತಾರೋ ಇಲ್ಲವೋ ಎನ್ನುವುದು ಅವರ ಸಂಕಟವಾಗಿರಲಿಲ್ಲ. ಕೇರಿಯಿಂದ ಹೊರಟು ಕಾಲೇಜು ಸೇರಿದವಳಿಗೆ ಈ 'ನಡುವೆ' ಎಂಬ ಪದವೇ ಒಂದು ಮೋಸದ ಹಾಗೆ ಕೇಳಿಸುತ್ತದೆ. ನಡುವೆ ಅಂದರೆ ಎರಡೂ ಕಡೆ ಸಮವಾದ ದೂರ ಎಂದಲ್ಲವೆ? ಊರಿಗೂ ಕೇರಿಗೂ ನಡುವೆ ಇರುವ ಓಣಿ ಎರಡೂ ಕಡೆಯಿಂದ ಒಂದೇ ಉದ್ದ ಇರುವುದಿಲ್ಲ. ಊರಿನಿಂದ ಕೇರಿಗೆ ಕೂಗಿದರೆ ಸಾಕು, ಆಳು ಬರುತ್ತದೆ. ಕೇರಿಯಿಂದ ಊರಿಗೆ ನಡೆಯುವುದಕ್ಕೆ ನಮ್ಮವರಿಗೆ ಸಾವಿರ ವರ್ಷ ಸಾಕಾಗಲಿಲ್ಲ.

ಈಚಿನ ಸಿದ್ಧಾಂತಗಳಲ್ಲಿ ಈ ಜಾಗಕ್ಕೆ 'ಹೈಬ್ರಿಡಿಟಿ' ಎಂದು ಹೆಸರು. ಹೋಮಿ ಭಾಭಾ ಅವರ 1994ರ ಪುಸ್ತಕ ಬಂದ ಮೇಲಂತೂ ಸೆಮಿನಾರುಗಳಲ್ಲಿ ಇದಕ್ಕೆ ಬಹಳ ಬೆಲೆ. ನಮ್ಮ ಕೋಲಾರದ ಕಡೆ ಹೈಬ್ರಿಡ್ ಅಂದರೆ ಟೊಮೇಟೊ. ನೋಡಲು ಚೆನ್ನಾಗಿರುತ್ತದೆ, ಲಾರಿಯಲ್ಲಿ ಎಷ್ಟು ದೂರ ಬೇಕಾದರೂ ಹೋಗುತ್ತದೆ, ಬೀಜ ಮಾತ್ರ ಪ್ರತಿ ವರ್ಷ ಕಂಪನಿಯಿಂದಲೇ ಕೊಳ್ಳಬೇಕು. ಇರಲಿ.

ಈ ಕಾವ್ಯ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕ ಚರಿತ್ರೆ ಬೇರೆಯೇ ಇದೆ. 1948ರ ಜೂನ್ 22ರಂದು 'ಎಂಪೈರ್ ವಿಂಡ್‌ರಶ್' ಎಂಬ ಹಡಗಿನಿಂದ ನೂರಾರು ಕೆರಿಬಿಯನ್ ಜನ ಇಂಗ್ಲೆಂಡಿನ ಟಿಲ್ಬರಿ ಬಂದರಿನಲ್ಲಿ ಇಳಿದರು. ಯುದ್ಧದಲ್ಲಿ ಹಾಳಾದ ದೇಶವನ್ನು ಕಟ್ಟಲು ಕೈಗಳು ಬೇಕಿದ್ದವು. ಆಮೇಲಿನ ವರ್ಷಗಳಲ್ಲಿ ಬಸ್ಸು, ರೈಲು, ಆಸ್ಪತ್ರೆಗಳಿಗೆಂದು ಸಾವಿರಾರು ಜನ ಬಂದರು. ಬಂದವರು ಪರದೇಶಕ್ಕೆ ಹೊರಟಿದ್ದೇವೆ ಎಂದುಕೊಂಡಿರಲಿಲ್ಲ. ಶಾಲೆಯಲ್ಲಿ ಇಂಗ್ಲೆಂಡಿನ ಚರಿತ್ರೆ, ಇಂಗ್ಲೆಂಡಿನ ಹೂವು, ಇಂಗ್ಲೆಂಡಿನ ಹವೆಯನ್ನೇ ಬಾಯಿಪಾಠ ಮಾಡಿದವರು ಅವರು. ಇಳಿದ ಮೇಲೆ ಗೊತ್ತಾಯಿತು, ಬಾಡಿಗೆಗೆ ಕೋಣೆ ಕೊಡುವವರು ಮುಖ ನೋಡಿ ಬಾಗಿಲು ಹಾಕುತ್ತಾರೆಂದು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ನಮ್ಮ ಯಾವ ಹುಡುಗನಿಗೂ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಬಾಗಿಲಲ್ಲೇ ಮುಖ ನೋಡಿದರು. ಇಲ್ಲಿ ಒಳಗೆ ಕೂರಿಸಿ, ಕಾಫಿ ಕೊಟ್ಟು, "ನೀವು ಯಾವ ಪೈಕಿ?" ಅಂತಾರೆ. ಎಪ್ಪತ್ತು ವರ್ಷ ಕಳೆದ ಮೇಲೂ, 2018ರಲ್ಲಿ, ಮಕ್ಕಳಾಗಿ ಹಡಗಿನಲ್ಲಿ ಬಂದು ಅಲ್ಲೇ ಮುದುಕರಾದವರನ್ನು ಕಾಗದಪತ್ರ ಇಲ್ಲವೆಂದು ಕೆಲಸದಿಂದ ತೆಗೆದ, ದೇಶದಿಂದಲೇ ಹೊರಗಟ್ಟಿದ ಸಂಗತಿ ಬಯಲಾಯಿತು. ಅವರು ಬಂದಿಳಿದ ದಿನದ ಚೀಟಿಗಳನ್ನು ಸರ್ಕಾರವೇ 2010ರಲ್ಲಿ ನಾಶ ಮಾಡಿತ್ತು.

ಈ ವಲಸೆಯನ್ನು ನೋಡಿ ಮೊದಲು ನಕ್ಕವಳು ಜಮೈಕಾದ ಲೂಯಿಸ್ ಬೆನೆಟ್. ನಮ್ಮನ್ನು ಆಳಲು ಅವರು ಬಂದರು, ಈಗ ನಾವು ಮೂಟೆ ಕಟ್ಟಿಕೊಂಡು ಅವರ ದೇಶವನ್ನು ತುಂಬಲು ಹೊರಟಿದ್ದೇವೆ ಎಂದು ಜಮೈಕಾದ ಸಂತೆಮಾತಿನಲ್ಲಿ ಬರೆದಳು. ಜನ ಅವಳನ್ನು ಮಿಸ್ ಲೂ ಎಂದು ಕರೆದರು, ಅವಳ ಪದ್ಯ ಕೇಳಿ ಬಿದ್ದು ಬಿದ್ದು ನಕ್ಕರು. ಕಾವ್ಯ ಗೊತ್ತಿದ್ದವರು ಮಾತ್ರ ಅವಳನ್ನು ಕವಿ ಎಂದು ಒಪ್ಪಲು ಬಹಳ ಕಾಲ ತೆಗೆದುಕೊಂಡರು. ಅವಳದು ಮನರಂಜನೆ, ಜಾನಪದ ಎಂದರು. ಈ 'ಜಾನಪದ' ಎಂಬ ಪೆಟ್ಟಿಗೆ ನಮಗೂ ಗೊತ್ತು. ನಮ್ಮವ್ವಂದಿರ ಹಾಡನ್ನೆಲ್ಲ ಅದರೊಳಗೆ ಹಾಕಿ, ಮೇಲೆ ಸಂಗ್ರಾಹಕರ ಹೆಸರು ಬರೆದು ಬೀಗ ಹಾಕುತ್ತಾರೆ.

ಬೆನೆಟ್‌ಗೆ ಆದ ಅನ್ಯಾಯವನ್ನು ಸಿದ್ಧಾಂತವಾಗಿ ಎತ್ತಿದವನು ಬ್ರಾಥ್‌ವೇಟ್ (1930-2020). ಅವನು ಕವಿ ಮಾತ್ರವಲ್ಲ, ವೃತ್ತಿಯಿಂದ ಇತಿಹಾಸಕಾರ. ಕೇಂಬ್ರಿಜ್‌ನಲ್ಲಿ ಇತಿಹಾಸ ಓದಿ, 1955ರಿಂದ 1962ರವರೆಗೆ ಘಾನಾದಲ್ಲಿ ಶಿಕ್ಷಣ ಇಲಾಖೆಯ ಕೆಲಸ ಮಾಡಿ, ಆಫ್ರಿಕಾದ ಹಳ್ಳಿಗಳಲ್ಲಿ ತನ್ನ ದ್ವೀಪದ ಅಜ್ಜಿಯರ ಗುರುತು ಹಿಡಿದವನು. 1966ರಲ್ಲಿ ಲಂಡನ್ನಿನಲ್ಲಿ ಜಾನ್ ಲಾ ರೋಸ್, ಆಂಡ್ರ್ಯೂ ಸಾಲ್ಕಿ ಜೊತೆ ಸೇರಿ ಕೆರಿಬಿಯನ್ ಕಲಾವಿದರ ಚಳವಳಿ ಕಟ್ಟಿದ. ಅದೇ ವರ್ಷ ಲಾ ರೋಸ್ ಮತ್ತು ಸಾರಾ ವೈಟ್ 'ನ್ಯೂ ಬೀಕನ್ ಬುಕ್ಸ್' ಎಂಬ ಪ್ರಕಾಶನ ಶುರುಮಾಡಿದರು. ಸಾಲ ಮಾಡಿ ಪತ್ರಿಕೆ ನಡೆಸುವ ನಮ್ಮ ಗೆಳೆಯರಿಗೆ ಇಂಥ ಹುಚ್ಚಿನ ಬೆಲೆ ಗೊತ್ತು. 1979ರಲ್ಲಿ ಬ್ರಾಥ್‌ವೇಟ್ ಹಾರ್ವರ್ಡ್‌ನಲ್ಲಿ ಮಾಡಿದ ಭಾಷಣವನ್ನು 1984ರಲ್ಲಿ ಪುಸ್ತಕ ಮಾಡಿದ್ದು ಇದೇ ಪ್ರಕಾಶನ.

ಆ ಭಾಷಣದ ವಾದ ಸರಳವಾದದ್ದು. ಇಂಗ್ಲಿಷ್ ಕಾವ್ಯದ ಛಂದಸ್ಸು ಇಂಗ್ಲೆಂಡಿನ ಹವೆಯಲ್ಲಿ ಬೆಳೆದದ್ದು. ನಮ್ಮ ದ್ವೀಪಗಳನ್ನು ಬುಡಮೇಲು ಮಾಡುವ ಬಿರುಗಾಳಿಯನ್ನು ಆ ಗಣಲೆಕ್ಕದಲ್ಲಿ ಹಿಡಿಯಲು ಬರುವುದಿಲ್ಲ. ಹಿಮವನ್ನೇ ಕಾಣದ ನಮ್ಮ ಮಕ್ಕಳು ಶಾಲೆಯ ಪ್ರಬಂಧದಲ್ಲಿ ಹಿಮ ಸುರಿಸುತ್ತಾರೆ, ಮನೆಯ ಚಾವಣಿ ಹಾರಿಸಿಕೊಂಡು ಹೋದ ಗಾಳಿಗೆ ಮಾತ್ರ ಅವರ ಹತ್ತಿರ ಪದವಿಲ್ಲ. ಹಾಗಾದರೆ ಬೇಕಾದ ನುಡಿ ಎಲ್ಲಿದೆ? ಗುಲಾಮರು ತಂದು, ಇಂಗ್ಲಿಷಿನ ಅಡಿಯಲ್ಲಿ ಬಚ್ಚಿಟ್ಟುಕೊಂಡು ಬಂದ ಮಾತಿನಲ್ಲಿ. ಅದನ್ನು ಅವನು 'ನೇಷನ್ ಲ್ಯಾಂಗ್ವೇಜ್' ಎಂದು ಕರೆದ. 'ಉಪಭಾಷೆ' ಎಂಬ ಪದವನ್ನು ಬೇಕೆಂತಲೇ ಬಿಟ್ಟ, ಅದರಲ್ಲಿ ಅವಮಾನವಿದೆ ಎಂದು. ಕನ್ನಡದಲ್ಲಿ ಅದನ್ನು 'ರಾಷ್ಟ್ರಭಾಷೆ' ಎಂದು ಅನುವಾದಿಸಿದರೆ ಅನರ್ಥ. ನಮ್ಮಲ್ಲಿ ಆ ಪದ ಕೇಳಿದ ಕೂಡಲೇ ಹಿಂದಿ ಹೇರಿಕೆ ನೆನಪಾಗುತ್ತದೆ. ಅವನು ಹೇಳಿದ್ದು ಅದಕ್ಕೆ ತದ್ವಿರುದ್ಧ. ನಾನು 'ನೆಲನುಡಿ' ಎಂದುಕೊಂಡಿದ್ದೇನೆ. ಅದೂ ಪೂರ್ತಿ ಒಪ್ಪುವುದಿಲ್ಲ, ಯಾಕೆಂದರೆ ಆ ನುಡಿಯವರಿಗೆ ನೆಲವನ್ನು ಯಾರೂ ಕೊಟ್ಟಿರಲಿಲ್ಲ. ಇನ್ನೊಂದು ವಿಚಿತ್ರ ಅಂದರೆ, ತಮ್ಮ ಮಾತಿನಲ್ಲೂ ಬರೆಯಬಹುದು ಎಂಬ ಧೈರ್ಯ ಈ ಕವಿಗಳಿಗೆ ಸಿಕ್ಕ ದಾರಿಗಳಲ್ಲಿ ಒಂದು ರೇಡಿಯೋದ ಕ್ರಿಕೆಟ್ ಕಾಮೆಂಟರಿ ಎಂದು ಬ್ರಾಥ್‌ವೇಟ್ ಹೇಳುತ್ತಾನೆ. ಜಾನ್ ಆರ್ಲಟ್ ಎಂಬ ಇಂಗ್ಲಿಷಿನವನೇ ತನ್ನ ಹ್ಯಾಂಪ್‌ಶೈರ್‌ನ ಹಳ್ಳಿ ಉಚ್ಚಾರದಲ್ಲಿ ಮಾತಾಡುತ್ತಿದ್ದುದನ್ನು ಕೇಳಿ, ಓ, ಹೀಗೂ ಮಾತಾಡಬಹುದಾ ಅನ್ನಿಸಿತಂತೆ.

ಇಲ್ಲಿ 'ಕುಸುಮಬಾಲೆ' ನೆನಪಾಗದಿರಲು ಸಾಧ್ಯವೆ? ದೇವನೂರ ಮಹಾದೇವರ ಆ ಕೃತಿ 1984ರಲ್ಲಿ ಬಂದಾಗ, ಇದನ್ನು ಮೊದಲು ಕನ್ನಡಕ್ಕೆ ಅನುವಾದಿಸಬೇಕು ಎಂಬ ಕುಚೋದ್ಯ ಹುಟ್ಟಿಕೊಂಡಿತು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೂ ಆ ಕುಚೋದ್ಯ ಸಾಯಲಿಲ್ಲ. ನಂಜನಗೂಡು ಸೀಮೆಯ ಮಾತು ಕನ್ನಡವಲ್ಲ ಎಂದಾದರೆ, ಕನ್ನಡ ಯಾರ ಮನೆಯಲ್ಲಿದೆ?

ಬ್ರಾಥ್‌ವೇಟ್ ಇತಿಹಾಸಕಾರನಾಗಿ ತೋರಿಸಿದ ಇನ್ನೊಂದು ದಾರಿಯಲ್ಲಿ ನಡೆದು ನಾನು ಓದಿದ್ದು ಗುಲಾಮರ ಕಾನೂನುಗಳನ್ನು. ಅವನ ಹುಟ್ಟೂರು ಬಾರ್ಬಡೋಸ್‌ನಲ್ಲಿ 1688ರ ಕಾನೂನು ತೋಟದ ಮಾಲೀಕರಿಗೆ ಒಂದು ಕೆಲಸ ವಹಿಸಿತ್ತು: ಗುಲಾಮರ ಗುಡಿಸಲುಗಳನ್ನು ಆಗಾಗ್ಗೆ ಶೋಧಿಸಿ, ಡೋಲು, ಕೊಂಬು, ಶಂಖಗಳು ಸಿಕ್ಕರೆ ಸುಟ್ಟುಹಾಕಬೇಕು. ಕತ್ತಿ ದೊಣ್ಣೆಗಳ ಜೊತೆಗೆ ಡೋಲನ್ನೂ ಹುಡುಕಬೇಕು. ಒಂದು ತೋಟದವರು ಬಡಿದರೆ ಇನ್ನೊಂದು ತೋಟದವರಿಗೆ ಸುದ್ದಿ ಹೋಗುತ್ತದೆ, ದಂಗೆ ಏಳುತ್ತಾರೆ ಎಂಬ ಭಯ. ಹೀಗೆ ಸುಟ್ಟ ಡೋಲಿನ ಲಯ ಮಾತಿನೊಳಗೆ ಹೋಗಿ ಅವಿತುಕೊಂಡಿತು. ಮುನ್ನೂರು ವರ್ಷ ಕಳೆದು ಬ್ರಾಥ್‌ವೇಟ್ ತನ್ನ ಕವಿತೆಗಳಲ್ಲಿ ಆ ಲಯವನ್ನು ಹೊರಗೆ ತೆಗೆದ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಹೇಳಿಬಿಡುತ್ತೇನೆ. ಅದಕ್ಕೆ ಒಂದು ವರ್ಷ ಮುಂಚೆ 'ನನ್ನ ಊರು' ಎಂಬ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ತರಲು ಮಕ್ಕಳಿಗೆ ಹೇಳಿದ್ದೆ. ಹೆಚ್ಚಿನವರು ಗೈಡಿನಿಂದ ಇಳಿಸಿ ತಂದಿದ್ದರು. ಎಲ್ಲರ ಊರಿನಲ್ಲೂ ಹಸಿರು ಹೊಲ, ಹರಿಯುವ ನದಿ. ಕೋಲಾರ ಜಿಲ್ಲೆಯಲ್ಲಿ ಹರಿಯುವ ನದಿ! ಹಿಮ ಕಾಣದ ಮಕ್ಕಳು ಹಿಮ ಬರೆದ ಹಾಗೆಯೇ. ಒಬ್ಬ ಹುಡುಗ ಮಾತ್ರ ತನ್ನ ಕೇರಿಯ ಬಗ್ಗೆ, ಅಪ್ಪನ ಬಗ್ಗೆ ಬರೆದಿದ್ದ. ಊರಲ್ಲಿ ಯಾರಾದರೂ ಸತ್ತರೆ ಅಪ್ಪ ಹೋಗಿ ಬಡಿಯಬೇಕಿತ್ತು, ಒಂದು ಸಲ ಹೋಗುವುದಿಲ್ಲ ಎಂದದ್ದಕ್ಕೆ ಹೊಲದ ಕೆಲಸಕ್ಕೆ ಯಾರೂ ಕರೆಯಲಿಲ್ಲ ಎಂದು ಬರೆದಿದ್ದ. ವ್ಯಾಕರಣ ಹಳಿ ತಪ್ಪಿತ್ತು. ಇಂಗ್ಲಿಷ್ ಅಕ್ಷರಗಳಲ್ಲೇ ನಾಲ್ಕು ಕಡೆ 'ತಮಟೆ' ಎಂದು ಬರೆದಿದ್ದ. ನಾನು ನಾಲ್ಕೂ ಕಡೆ ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ 'ಡ್ರಮ್' ಎಂದು ಬರೆದು, ಅಂಚಿನಲ್ಲಿ 'ಸರಿಯಾದ ಇಂಗ್ಲಿಷ್ ಪದ ಬಳಸು' ಎಂದು ಷರಾ ಹಾಕಿದ್ದೆ. ಹತ್ತಕ್ಕೆ ನಾಲ್ಕು ಅಂಕ. ಆ ಹುಡುಗ ಏನೂ ಕೇಳಲಿಲ್ಲ, ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು ಹೋದ.

ಗುಡಿಸಲು ಶೋಧಿಸಿ ಡೋಲು ಹುಡುಕಲು ಬಾರ್ಬಡೋಸ್‌ಗೆ ಮಾಲೀಕರು ಬೇಕಾಗಿದ್ದರು. ಇಲ್ಲಿ ಆ ಕೆಲಸಕ್ಕೆ ಅದೇ ಕೇರಿಯಿಂದ ಬಂದ ನಾನೇ ಸಾಕಾಗಿದ್ದೆ. ಅವೆನ್ಯೂ ರೋಡಿನ ಪುಸ್ತಕದಲ್ಲಿ ಪೆನ್ಸಿಲ್ ಹಿಡಿದ ಆ ಇಂಗ್ಲಿಷ್ ಮಗುವನ್ನು ನೋಡಿ ನಕ್ಕಿದ್ದೆನಲ್ಲ, ಅದರ ಕೈಯಲ್ಲಿದ್ದದ್ದು ಅಳಿಸಬಹುದಾದ ಪೆನ್ಸಿಲ್.

ಕವಿಗಳ ಕಡೆಗೆ ವಾಪಸ್ ಬರೋಣ. ಬ್ರಾಥ್‌ವೇಟ್ ವಾದವಾಗಿ ಹೇಳಿದ್ದನ್ನು ಬೀದಿಯಲ್ಲಿ ನಿಂತು ಮಾಡಿ ತೋರಿಸಿದವನು ಲಿಂಟನ್ ಕ್ವೇಸಿ ಜಾನ್ಸನ್. 1952ರಲ್ಲಿ ಜಮೈಕಾದಲ್ಲಿ ಹುಟ್ಟಿ, 1963ರಲ್ಲಿ ಹನ್ನೊಂದು ವರ್ಷದವನಾಗಿ ಲಂಡನ್ನಿನಲ್ಲಿದ್ದ ತಾಯಿಯ ಹತ್ತಿರ ಬಂದವನು. ಶಾಲೆಯಲ್ಲಿರುವಾಗಲೇ ಬ್ರಿಟನ್ನಿನ ಬ್ಲ್ಯಾಕ್ ಪ್ಯಾಂಥರ್ ಚಳವಳಿಯ ಯುವ ಘಟಕ ಸೇರಿದ. ಶಾಲೆ ಕೊಡದ ಪುಸ್ತಕ ಚಳವಳಿಯ ಕಪಾಟಿನಲ್ಲಿ ಸಿಕ್ಕಿತು: ಅಮೆರಿಕದ ಡಬ್ಲ್ಯು.ಇ.ಬಿ. ಡುಬಾಯ್ಸ್ 1903ರಲ್ಲಿ ಬರೆದ 'ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್'. ತಾನು ಬರೆಯಲು ಹೊರಟಿದ್ದು ಅದನ್ನು ಓದಿದ ಮೇಲೆ ಎಂದು ಜಾನ್ಸನ್ ಹೇಳಿಕೊಂಡಿದ್ದಾನೆ. ಕಪ್ಪು ಮನುಷ್ಯ ತನ್ನನ್ನು ತಾನು ಸದಾ ಇನ್ನೊಬ್ಬರ ಕಣ್ಣಿನಿಂದಲೇ ನೋಡಿಕೊಳ್ಳಬೇಕಾದ ಇಬ್ಬಂದಿ ಪ್ರಜ್ಞೆಯ ಬಗ್ಗೆ ಡುಬಾಯ್ಸ್ ಆ ಪುಸ್ತಕದಲ್ಲಿ ಬರೆದಿದ್ದ. ಇದೇ ಡುಬಾಯ್ಸ್‌ಗೆ 1946ರಲ್ಲಿ ಬಾಬಾಸಾಹೇಬರು ಒಂದು ಕಾಗದ ಬರೆದರು. ನೀಗ್ರೋಗಳ ಸ್ಥಿತಿಗೂ ಅಸ್ಪೃಶ್ಯರ ಸ್ಥಿತಿಗೂ ಬಹಳ ಹೋಲಿಕೆಯಿದೆ, ವಿಶ್ವಸಂಸ್ಥೆಗೆ ಕಪ್ಪು ಜನ ಸಲ್ಲಿಸಿದ ಮನವಿಯ ಪ್ರತಿ ಕಳಿಸಿ ಎಂದು ಕೇಳಿದರು. ಡುಬಾಯ್ಸ್ ಆ ಜುಲೈನಲ್ಲೇ ಸಹಾನುಭೂತಿಯ ಉತ್ತರ ಬರೆದ. 1972ರಲ್ಲಿ ಮುಂಬಯಿಯ ಹುಡುಗರು ದಲಿತ ಪ್ಯಾಂಥರ್ ಎಂದು ಹೆಸರಿಟ್ಟುಕೊಂಡಾಗ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಜಾನ್ಸನ್ ಇಪ್ಪತ್ತರ ಹುಡುಗ. ಅವನೂ ಇವರೂ ಒಬ್ಬರನ್ನೊಬ್ಬರು ಕಂಡವರಲ್ಲ. ಒಂದೇ ಕಡೆಯಿಂದ ಬೆಂಕಿ ತಂದವರು.

ಜಾನ್ಸನ್ನನ ಕಾವ್ಯಕ್ಕೆ ಕಾರಣವಾದ ಒಂದು ಕಾನೂನನ್ನು ಇಲ್ಲಿ ಹೇಳಲೇಬೇಕು. 1824ರ ಅಲೆಮಾರಿಗಳ ಕಾಯಿದೆಯ ಒಂದು ಕಲಮಿನ ಪ್ರಕಾರ, ಅಪರಾಧ ಮಾಡುವ ಉದ್ದೇಶವಿದೆ ಎಂಬ ಅನುಮಾನ ಬಂದರೆ ಸಾಕು, ಪೊಲೀಸರು ಯಾರನ್ನಾದರೂ ಹಿಡಿಯಬಹುದಿತ್ತು. ಜನರ ಬಾಯಲ್ಲಿ ಇದು 'ಸಸ್' ಕಾನೂನು. ನೂರೈವತ್ತು ವರ್ಷದ ಹಳೇ ಕಾನೂನನ್ನು 1970ರ ದಶಕದಲ್ಲಿ ಬಸ್ಸಿಗೆ ಕಾಯುವ ಕಪ್ಪು ಹುಡುಗರ ಮೇಲೆ ಬಿಟ್ಟರು. ಜೈಲಿನಿಂದ ಮಗನೊಬ್ಬ ತಾಯಿಗೆ ಬರೆದ ಕಾಗದದ ರೂಪದಲ್ಲಿ ಜಾನ್ಸನ್ ಇದನ್ನು ಬರೆದು, 1979ರಲ್ಲಿ ರೆಗೇ ಸಂಗೀತದ ಜೊತೆ ತಟ್ಟೆ ಮಾಡಿದ. ಇದೇ ಬ್ರಿಟಿಷರು ನಮ್ಮಲ್ಲಿ 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ನೆನೆಸಿಕೊಳ್ಳಿ. ಅಲ್ಲಿ ಅನುಮಾನ ಬರಲು ಮನುಷ್ಯ ಬೀದಿಗೆ ಬರಬೇಕಿತ್ತು. ಇಲ್ಲಿ ಹುಟ್ಟಿದರೆ ಸಾಕಿತ್ತು. 1952ರಲ್ಲಿ ಅದು ರದ್ದಾಯಿತು, ಪೊಲೀಸ್ ಠಾಣೆಯ ನೆನಪಿನಲ್ಲಿ ಇನ್ನೂ ರದ್ದಾಗಿಲ್ಲ.

1981ರ ಜನವರಿ 18ರಂದು ಲಂಡನ್ನಿನ ನ್ಯೂ ಕ್ರಾಸ್‌ನಲ್ಲಿ ಹುಟ್ಟುಹಬ್ಬ ನಡೆಯುತ್ತಿದ್ದ ಮನೆಗೆ ಬೆಂಕಿ ಬಿದ್ದು 13 ಕಪ್ಪು ಹುಡುಗ ಹುಡುಗಿಯರು ಸತ್ತರು. ಮಾರ್ಚ್ 2ರಂದು ಸುಮಾರು 20,000 ಜನ ಲಂಡನ್ನಿನಲ್ಲಿ ಮೆರವಣಿಗೆ ಮಾಡಿದರು. ಏಪ್ರಿಲ್‌ನಲ್ಲಿ ಪೊಲೀಸರು ಬ್ರಿಕ್ಸ್‌ಟನ್‌ನಲ್ಲಿ ಕೆಲವೇ ದಿನಗಳಲ್ಲಿ 900ಕ್ಕೂ ಹೆಚ್ಚು ಜನರನ್ನು ನಿಲ್ಲಿಸಿ ತಪಾಸಣೆ ಮಾಡಿದ ಮೇಲೆ ಬೀದಿಯೇ ಎದ್ದು ನಿಂತಿತು. ಇವೆಲ್ಲ ಜಾನ್ಸನ್ನನ ಕವಿತೆಗಳಲ್ಲಿವೆ. ದಿನಾಂಕ, ಬೀದಿ, ಪೊಲೀಸರ ಸಮೇತ ಇವೆ. ಕಾಗುಣಿತವನ್ನೂ ಅವನು ಇಂಗ್ಲಿಷಿನಿಂದ ಎರವಲು ತರಲಿಲ್ಲ. ಕಿವಿಗೆ ಕೇಳಿದ ಹಾಗೆ ಬರೆದ. ಆ ಪದಗಳನ್ನು ಕಣ್ಣಿನಲ್ಲಿ ಓದಿದರೆ ಅರ್ಥವಾಗುವುದಿಲ್ಲ, ಬಾಯಿ ಬಿಟ್ಟು ಓದಬೇಕು. ನಮ್ಮಲ್ಲಿ 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಆ ಹಾಡುಗಳು ಪುಸ್ತಕ ಬಿಟ್ಟು ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳ ಬಾಯಿಗೆ ಹೋದವು. ಜಾನ್ಸನ್ನನ ಪ್ರಸಿದ್ಧ ಸಂಕಲನವೊಂದು ಬಂದದ್ದೂ 1975ರಲ್ಲಿ. ಇದನ್ನು ಕಾಕತಾಳೀಯ ಎನ್ನಿ, ನನಗೇನೂ ಅಡ್ಡಿಯಿಲ್ಲ.

ಆದರೂ ಒಂದು ಎಚ್ಚರಿಕೆ ಇರಬೇಕು. ಕಪ್ಪು ಜನ ಮತ್ತು ದಲಿತರು ಒಂದೇ ಎಂದು ವೇದಿಕೆಯಲ್ಲಿ ಹೇಳುವುದು ಸುಲಭ. ಅಗಾರ್ಡ್ ಮತ್ತು ನಿಕೋಲ್ಸ್ ಹುಟ್ಟಿದ ಗಯಾನಾದಲ್ಲಿ ಗುಲಾಮಗಿರಿ ನಿಂತ ಮೇಲೆ, 1838ರಿಂದ, ಕಬ್ಬಿನ ತೋಟಗಳಿಗೆ ನಮ್ಮ ದೇಶದಿಂದ ಕರಾರು ಕೂಲಿಗಳನ್ನು ಹಡಗಿನಲ್ಲಿ ಸಾಗಿಸಿದರು. ಅದು ನಿಂತದ್ದು 1917ರಲ್ಲಿ. ಕಡಿಮೆ ಕೂಲಿಗೆ ದುಡಿಯಲು ಇವರನ್ನು ತಂದಿದ್ದರಿಂದ ಬಿಡುಗಡೆಯಾದ ಕಪ್ಪು ಜನರ ಕೂಲಿ ಏರಲಿಲ್ಲ. ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿದ್ದರ ಫಲವಾಗಿ 1960ರ ದಶಕದಲ್ಲಿ ಅಲ್ಲಿ ಕಪ್ಪು ಜನರೂ ಭಾರತೀಯ ಮೂಲದವರೂ ಹೊಡೆದಾಡಿ ಸತ್ತರು. ನೊಂದವರೆಲ್ಲ ತಾವಾಗಿಯೇ ಅಣ್ಣತಮ್ಮಂದಿರಾಗುವುದಿಲ್ಲ. ನಮ್ಮ ಎಡಗೈ ಬಲಗೈ ಜಗಳ ಬಲ್ಲವರಿಗೆ ಇದನ್ನು ಹೇಳಬೇಕಾಗಿಲ್ಲ.

ಅಗಾರ್ಡ್‌ನ ತಾಯಿ ಪೋರ್ಚುಗೀಸ್ ಮೂಲದವಳು, ತಂದೆ ಕಪ್ಪು ಮನುಷ್ಯ. 'ಕಾಸ್ತಾ' ಪದವನ್ನು ಕೊಟ್ಟ ಜನರ ವಂಶದ ತಾಯಿ! 1977ರಲ್ಲಿ ಇಂಗ್ಲೆಂಡಿಗೆ ಬಂದ ಅವನು ತನ್ನನ್ನು ಅರ್ಧ ಎಂದು ಕರೆದವರನ್ನು ಕವಿತೆಯಲ್ಲಿ ನಿಲ್ಲಿಸಿ ವಿಚಾರಿಸಿಕೊಳ್ಳುತ್ತಾನೆ. ಬೈಯುವುದಿಲ್ಲ. ವಿವರಿಸಿ ಹೇಳಪ್ಪ ಅಂತಾನೆ. ಚಿತ್ರಕಾರ ಎರಡು ಬಣ್ಣ ಬೆರೆಸಿದರೆ, ನಿಮ್ಮ ಆಕಾಶದಲ್ಲಿ ಬೆಳಕೂ ಮೋಡವೂ ಬೆರೆತರೆ, ಪಿಯಾನೋದಲ್ಲಿ ಕರಿಮಣೆ ಬಿಳಿಮಣೆ ಎರಡೂ ನುಡಿದರೆ ಅವೂ ಅರ್ಧವೋ ಎಂದು ಕೇಳುತ್ತಾನೆ. ಕೊನೆಗೆ ಅರ್ಧವಾಗಿರುವುದು ಕೇಳಿಸಿಕೊಳ್ಳುವವನ ಕಿವಿ ಮತ್ತು ಬುದ್ಧಿ ಎಂಬಲ್ಲಿಗೆ ತರುತ್ತಾನೆ. ಎರಡು ಸಂಸ್ಕೃತಿಯ ನಡುವೆ ನಾನು ಹರಿದುಹೋದೆ ಎಂಬ ಗೋಳು ಇಲ್ಲಿಲ್ಲ. ಗೆರೆ ಎಳೆದವನು ಯಾರು, ಅವನು ಬಂದು ಉತ್ತರ ಹೇಳಲಿ ಎಂಬ ತಗಾದೆ ಇದೆ. ನನ್ನ ಮಟ್ಟಿಗೆ ಈ ಕಾವ್ಯದ ಬಹಳ ದೊಡ್ಡ ಪಾಠ ಇದು. ನಮ್ಮ ಕಾವ್ಯದಲ್ಲಿ ಅವಮಾನದ ವಿವರ ಬೇಕಾದಷ್ಟಿದೆ. ಅವಮಾನ ಮಾಡಿದವನನ್ನು ಕೂರಿಸಿ, ನಗುತ್ತಾ ಲೆಕ್ಕ ಕೇಳುವ ಧಾಟಿ ಕಡಿಮೆ. ಈ ಕವಿಗೆ 2012ರಲ್ಲಿ ಇಂಗ್ಲೆಂಡಿನ ರಾಣಿಯ ಚಿನ್ನದ ಪದಕ ಬಂತು. ಬೆಂಜಮಿನ್ ಝೆಫನಾಯ ಎಂಬ ಇನ್ನೊಬ್ಬ ಕವಿ 2003ರಲ್ಲಿ ರಾಣಿಯ ಬಿರುದನ್ನು, ಅದರಲ್ಲಿ 'ಸಾಮ್ರಾಜ್ಯ' ಎಂಬ ಪದವಿದೆ ಎಂದು, ನಿರಾಕರಿಸಿದ್ದ. ನನಗೆ ಇಬ್ಬರೂ ಬೇಕು. ಪ್ರಶಸ್ತಿಯ ವಿಷಯದಲ್ಲಿ ನಮ್ಮವರನ್ನು ಅಳೆಯುವಾಗ ನಾವು ಸ್ವಲ್ಪ ಆತುರ ಮಾಡುತ್ತೇವೆ.

ನಿಕೋಲ್ಸ್‌ಳ ಕಥೆ ಬಿರುಗಾಳಿಗೆ ಸೇರಿದ್ದು. 1987ರ ಅಕ್ಟೋಬರ್ 15ರ ರಾತ್ರಿ ದಕ್ಷಿಣ ಇಂಗ್ಲೆಂಡಿನ ಮೇಲೆ, ಅಲ್ಲಿನ ಜನ ತಮ್ಮ ಆಯುಷ್ಯದಲ್ಲಿ ಕಾಣದಂಥ ಗಾಳಿ ಬಂತು. ಬ್ರಿಟನ್ನಿನಲ್ಲಿ 18 ಜನ ಸತ್ತರು, ಸುಮಾರು ಒಂದೂವರೆ ಕೋಟಿ ಮರ ಉರುಳಿದವು. ಗಯಾನಾ ಬಿಟ್ಟು ಹತ್ತು ವರ್ಷವಾಗಿದ್ದ ನಿಕೋಲ್ಸ್ ಆಗ ಸಸೆಕ್ಸ್‌ನಲ್ಲಿದ್ದಳು. ಆಮೇಲೆ ಅವಳು ಬರೆದ ಕವಿತೆಯಲ್ಲಿ ಒಬ್ಬ ಹೆಂಗಸು ಆ ಗಾಳಿಯನ್ನು ತನ್ನ ಕಡೆಯ ದೇವರ ಹೆಸರುಗಳಿಂದ, ತನ್ನೂರಿನ ನೆಂಟರನ್ನು ಕರೆದ ಹಾಗೆ ಕರೆಯುತ್ತಾಳೆ. ಅವುಗಳಲ್ಲಿ ಕೆಲವು ಗುಲಾಮರ ಜೊತೆ ಆಫ್ರಿಕಾದಿಂದ ಹಡಗಿನ ತಳದಲ್ಲಿ ಬಂದ ದೇವರುಗಳು. ಬೇರುಸಹಿತ ಬಿದ್ದ ಮರಗಳನ್ನು ನೋಡಿದಾಗಲೇ ಅವಳ ಕಾಲಿಗೆ ಆ ನೆಲ ಮೊದಲ ಸಲ ನೆಲವೆನಿಸುತ್ತದೆ. ಇಂಗ್ಲಿಷ್ ಛಂದಸ್ಸಿನಲ್ಲಿ ಬಿರುಗಾಳಿ ಹಿಡಿಸುವುದಿಲ್ಲ ಎಂದು ಬ್ರಾಥ್‌ವೇಟ್ ಹೇಳಿ ಎಂಟು ವರ್ಷವಾಗಿತ್ತು. ಬಿರುಗಾಳಿ ತಾನೇ ವಿಳಾಸ ಹುಡುಕಿಕೊಂಡು ಇಂಗ್ಲೆಂಡಿಗೆ ಬಂತು ಅನ್ನಬೇಕು.

ಈ ಕವಿತೆಯ ಎದುರು ನನ್ನ ಮನಸ್ಸು ಎರಡಾಗುತ್ತದೆ. ನಿಕೋಲ್ಸ್ ತನ್ನ ದೇವರನ್ನು ಹೆಮ್ಮೆಯಿಂದ ಕರೆಯಬಲ್ಲಳು. ನಾವು ತಮಟೆಯನ್ನು ಹಾಗೆ ಕರೆಯಬಹುದೆ? ಗುಲಾಮರಿಗೆ ಡೋಲು ಬಡಿಯಬೇಡಿ ಎಂದರು, ಅವರು ಬಡಿದರು, ಅದು ದಂಗೆಯಾಯಿತು. ನಮಗೆ ತಮಟೆ ಬಡಿಯಲೇಬೇಕು ಎಂದರು. ಊರ ಹಬ್ಬಕ್ಕೆ, ಊರ ಹೆಣಕ್ಕೆ, ಊರ ಡಂಗುರಕ್ಕೆ. ಆದ್ದರಿಂದ ನಮ್ಮ ಚಳವಳಿ ಬಡಿಯುವುದಿಲ್ಲ ಎಂದಿತು. ನಮ್ಮ ದಂಗೆ ಅದು. ಆ ಹುಡುಗನ ಅಪ್ಪ ಮಾಡಿದ್ದೂ ಅದನ್ನೇ. ಅದೇ ಚಳವಳಿಯ ಮೆರವಣಿಗೆಯ ಮುಂದೆ ನಮ್ಮ ಹುಡುಗರು ಅದೇ ತಮಟೆ ಬಡಿದು ಕುಣಿದರು. 2023ರಲ್ಲಿ ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆ ಕಲೆಗೆಂದು ಪದ್ಮಶ್ರೀ ಬಂತು. ಊರ ಹೆಣದ ಮುಂದೆ ಬಡಿದ ತಮಟೆ, ಮೆರವಣಿಗೆಯ ತಮಟೆ, ದೆಹಲಿಗೆ ಹೋದ ತಮಟೆ, ಮೂರೂ ಒಂದೇ ಚರ್ಮದ್ದು. 'ಡ್ರಮ್' ಎಂಬ ಪದ ಈ ಮೂರರಲ್ಲಿ ಯಾವುದನ್ನೂ ಹೇಳುವುದಿಲ್ಲ. ಕೆಂಪು ಶಾಯಿ ಹಿಡಿದಾಗ ನನಗೆ ಇದು ಹೊಳೆದಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ನಿಜ ಏನೆಂದರೆ ಹೊಳೆದಿತ್ತು. ಆ ಹಾಳೆಯಲ್ಲಿ ನನ್ನ ಕೇರಿ ಕಂಡು, ಸ್ಟಾಫ್ ರೂಮಿನಲ್ಲಿ ಪಕ್ಕದಲ್ಲಿ ಕೂತವರು ಅದನ್ನು ನೋಡಿಯಾರು ಎಂದು ಬೇಗ ಬೇಗ ಹೊಡೆದು ಹಾಕಿದ್ದೆ.

'ಅರ್ಧ ಜಾತಿ'ಯ ಪ್ರಶ್ನೆ ಕೇಳಿದ ಕೊನೆಯ ಬೆಂಚಿನ ಹುಡುಗ ಬೇರೆ ಯಾರೂ ಅಲ್ಲ, ಅವನೇ. ತರಗತಿ ಮುಗಿದ ಮೇಲೆ ಅವನನ್ನು ನಿಲ್ಲಿಸಿಕೊಂಡೆ. "ಹೋದ ವರ್ಷ ನಿನ್ನ ಪ್ರಬಂಧದಲ್ಲಿ ನಾನು ತಮಟೆ ಅನ್ನೋದನ್ನ ಹೊಡೆದುಹಾಕಿದ್ದೆ, ನೆನಪಿದೆಯೇನಪ್ಪ? ಅದು ತಪ್ಪು. ಅದಕ್ಕೆ ಇಂಗ್ಲಿಷಲ್ಲೂ ತಮಟೆ ಅಂತಾನೇ ಬರೀಬೇಕು" ಅಂದೆ. ಹೇಳಿಬಿಟ್ಟೆನಲ್ಲ ಎಂದು ನನಗೆ ಹಗುರವಾಗಿತ್ತು.

ಅವನು ಸ್ವಲ್ಪ ಹೊತ್ತು ಬೋರ್ಡ್ ನೋಡಿದ. ಆಮೇಲೆ, "ಮೇಡಂ, ಮನೇಲಿ ನಾವು ತಮಟೆ ಅನ್ನಲ್ಲ. ನಮ್ಮದು ತೆಲುಗು ಅಲ್ವಾ, ತಪ್ಪೆಟ ಅಂತೀವಿ. ನಿಮಗೆ ಗೊತ್ತಾಗಲಿ ಅಂತ ತಮಟೆ ಅಂತ ಬರೆದಿದ್ದೆ" ಅಂದ.

ನಮ್ಮ ಮನೆಯಲ್ಲೂ ತಪ್ಪೆಟ ಅಂತಲೇ ಅನ್ನುವುದು.